ಮಾವನವರು ಓದದ ಪುಟ

ಕಮಲಾಪುರ
೮ ಜುಲೈ ೨೦೦೩, ಮಂಗಳವಾರ

ರೀ,

ಕೆಲಸ ಸಿಕ್ಕಿತು, ಸಿಕ್ಕೇಬಿಟ್ಟಿತು, ಆಗಸ್ಟ್ ಒಂದರಿಂದ ನಿಮ್ಮ ಹೆಂಡತಿ ಮಹಿಳಾ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್‌ಸ್ಟ್ರಕ್ಟರ್!

ಅಪ್ಪ ಈ ಊರಿನ ಪೋಸ್ಟ್ ಮಾಸ್ಟರ್ ಆಗಿದ್ದರಿಂದ ನನಗೆ ಮೊದಲ ಸಲ ಏನಾದರೂ ಲಾಭವಾಯಿತು. ಟಪಾಲು ಚೀಲ ಬಿಚ್ಚಿದ ಐದನೇ ನಿಮಿಷಕ್ಕೆ ಆರ್ಡರ್ ನನ್ನ ಕೈಯಲ್ಲಿತ್ತು. ಅಮ್ಮ ನನ್ನ ಬಾಯಿಗೆ ಸಕ್ಕರೆ ಹಾಕಿದಳು, ಅಪ್ಪನ ಬಾಯಿಗೂ ಹಾಕಿದಳು, ಅವರಿಗೆ ಸಕ್ಕರೆ ಕಾಯಿಲೆ ಇರುವುದು ನೆನಪಾಗಿ ಅಲ್ಲೇ ಉಗುಳಿಸಿದಳು.

ಇಂಟರ್‌ವ್ಯೂ ದಿನದ ಕಥೆ ನಿಮಗೆ ಹೇಳಲೇ ಇಲ್ಲ. ಆಷಾಢ ಹಿಡಿದು ಆಗ ಮೂರೇ ದಿನ. ಹೊಸ ಸೊಸೆ ಮತ್ತು ಅತ್ತೆ ಈ ತಿಂಗಳು ಒಂದೇ ಹೊಸ್ತಿಲು ತುಳಿಯಬಾರದೆಂದು ನನ್ನನ್ನು ತವರಿಗೆ ಕಳಿಸಿದಿರಿ, ಸರಿ. ಅದು ಕಲಬುರಗಿಯ ಆಟೋದವನಿಗೆ ಹೇಗೆ ಗೊತ್ತಾಗಬೇಕು? ಖೂಬಾ ಪ್ಲಾಟಿನ ನಮ್ಮ ಓಣಿಯ ಬಾಯಿಗೇ ತಂದು ತಿರುಗಿಸಿದ. "ಆ ಕಡೆ ನೋಡಬ್ಯಾಡವಾ! ನಿಮ್ಮತ್ತಿ ಬಾಗಲಾಗ ನಿಂತಿದ್ರ ಏನ್ ಗತಿ?" ಎಂದು ಅಪ್ಪ ನನ್ನ ಮುಖಕ್ಕೆ ಪೇಪರ್ ಹಿಡಿದರು. ನಾನು ಪೇಪರಿನ ಸಂದಿಯಿಂದ ನೋಡಿದೆ. ಏನು ಕಂಡೆನೆಂಬುದು ಎರಡನೇ ಪುಟದಲ್ಲಿದೆ.

ಪ್ರಿನ್ಸಿಪಾಲ್ ಮೇಡಂ ಕೇಳಿದರು, ಈ ವರ್ಷದಿಂದ ನಮ್ಮ ಲ್ಯಾಬಿನಲ್ಲಿ ಎಲ್ಲವೂ ಲಿನಕ್ಸ್, ನಿಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಇದೆಯೇ ಎಂದು. ನನ್ನ ಬಾಯಿ ನನಗಿಂತ ಮುಂದೆ ಓಡುತ್ತದೆ, ನಿಮಗೇ ಗೊತ್ತು. "ಇದೆ ಮೇಡಂ" ಅಂದುಬಿಟ್ಟೆ. ಇಲ್ಲವಲ್ಲ! ಈಗ ಆ ಸುಳ್ಳನ್ನು ನಿಜ ಮಾಡುವ ಕೆಲಸ ನಿಮ್ಮದು.

ಹೆದರಬೇಡಿ. ಕಂಪ್ಯೂಟರ್ ಅದೇ, ಅದನ್ನು ನಡೆಸುವ ವ್ಯವಸ್ಥೆ ಮಾತ್ರ ಇನ್ನೊಂದು. ಈಗಿರುವ ವಿಂಡೋಸನ್ನು ತೆಗೆಯದೆ ಅದರ ಪಕ್ಕದಲ್ಲೇ ಲಿನಕ್ಸ್ ಕೂರಿಸಬಹುದು. ಆಮೇಲೆ ಕಂಪ್ಯೂಟರ್ ಚಾಲೂ ಮಾಡಿದಾಗಲೆಲ್ಲ ಯಾವುದು ಬೇಕೆಂದು ಅದೇ ಕೇಳುತ್ತದೆ. ಅದಕ್ಕೆ ಬೇಕಾದ ಮೂರು ಸಿಡಿಗಳು ಗಾಜಿಪುರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ನನ್ನ ಗೆಳತಿ ಮೆಹರುನ್ನಿಸಾ ಹತ್ತಿರ ಇವೆ. ಹದಿನಾರನೇ ತಾರೀಖಿನೊಳಗೆ ವಾಪಸು ಕೊಡಬೇಕು.

ಒಂದೇ ಒಂದು ಭಯ. ಅದೇ ಕಂಪ್ಯೂಟರಿನಲ್ಲಿ ಮಾವನವರು ನಾಲ್ಕು ವರ್ಷ ಕೂತು ಟೈಪ್ ಮಾಡಿದ ಅವರ ತಾಯಿಯ ಹಾಡುಗಳಿವೆ, ನಾನೂರ ಹನ್ನೆರಡು. ಜಾನಕೀಬಾಯಿ ಅಜ್ಜಿಯ ವಹಿಗಳನ್ನು ಗೆದ್ದಲು ತಿಂದಿದೆ, ಬೇರೆಲ್ಲೂ ಪ್ರತಿಯಿಲ್ಲ. ಅವು ಹೋದರೆ ನಾನು ಯಾವ ಮುಖ ಹೊತ್ತು ಆ ಮನೆಗೆ ಬರಲಿ? ಆದ್ದರಿಂದ ಮೊದಲು ಎಲ್ಲ ಹಾಡುಗಳನ್ನು ಫ್ಲಾಪಿಗಳಿಗೆ ನಕಲು ಮಾಡಿ. ಮಧ್ಯಾಹ್ನ ಎರಡರಿಂದ ನಾಲ್ಕು ಕರೆಂಟು ಹೋಗುತ್ತದೆ, ಅರ್ಧಕ್ಕೆ ನಿಂತರೆ ಅನಾಹುತ, ಅದಕ್ಕೇ ಬೆಳಗ್ಗೆಯೇ ಶುರುಮಾಡಿ. ಮೊದಲ ಸಿಡಿ ಹಾಕಿ ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದರೆ ಅದು ಒಂದೊಂದಾಗಿ ಕೇಳುತ್ತ ಹೋಗುತ್ತದೆ, ಭಾಷೆ ಯಾವುದು, ಕೀಬೋರ್ಡ್ ಯಾವುದು ಅಂತ. ಅದು ತಾನೇ ತೋರಿಸಿದ ಉತ್ತರಕ್ಕೆ ಒತ್ತಿದರಾಯಿತು. ಸಿಡಿ ಬದಲಿಸು ಎಂದಾಗ ಬದಲಿಸಿ.

(ಎರಡನೇ ಪುಟ)

ಇನ್ನು ಇದು ನಿಮಗೊಬ್ಬರಿಗೇ. ಪೇಪರಿನ ಸಂದಿಯಿಂದ ಕಂಡದ್ದು ಮಾಳಿಗೆಯ ಮೇಲೆ ಒಣಗುತ್ತಿದ್ದ ನಿಮ್ಮ ನೀಲಿ ಅಂಗಿ. ಗಾಳಿಗೆ ಎರಡೂ ತೋಳು ಎತ್ತಿ ನನ್ನನ್ನೇ ಕರೆದ ಹಾಗಿತ್ತು! ಇಂಟರ್‌ವ್ಯೂನ ಅರ್ಧ ಉತ್ತರ ಅಲ್ಲೇ ಮರೆತೆ. ನಿಮ್ಮ ಮೀಸೆಗೆ ಹತ್ತಿದ ಚೂಡಾದ ಅವಲಕ್ಕಿ ತೆಗೆಯುವವರು ಈಗ ಯಾರು? ಇಲ್ಲಿ ಊಟಕ್ಕೆ ಕೂತರೆ ನಮ್ಮ ಮನೆಯ ಹುಳಿ ನೆನಪಾಗುತ್ತದೆ, ಅತ್ತೆಯವರು ಅದಕ್ಕೆ ಬೆಲ್ಲ ಸ್ವಲ್ಪ ಜಾಸ್ತಿಯೇ ಹಾಕುತ್ತಾರೆ ಅನ್ನುವುದು ನಮ್ಮಿಬ್ಬರ ನಡುವೆ ಇರಲಿ.

ಅಯ್ಯೋ, ಎರಡು ಮುಖ್ಯ ಮಾತೇ ಬಿಟ್ಟೆ! ನಕಲು ಮಾಡಿದ ಫ್ಲಾಪಿಗಳನ್ನು ಮೆಹರುನ್ನಿಸಾಳ ಕಂಪ್ಯೂಟರಿನಲ್ಲಿ ಒಂದೊಂದಾಗಿ ತೆರೆದು ನೋಡಿ. ನೋಡುವ ತನಕ ಮುಂದಿನ ಕೆಲಸ ಬೇಡ. ಮತ್ತು ಎಲ್ಲಿ ಕೂರಿಸಲಿ ಎಂದು ಕೇಳುವ ಪರದೆಯಲ್ಲಿ ಮಾತ್ರ ಅದು ತೋರಿಸಿದ ಉತ್ತರಕ್ಕೆ ಒತ್ತಲೇಬೇಡಿ. ಮೊದಲನೆಯದು ಇಡೀ ಡಿಸ್ಕನ್ನೇ ಒರೆಸಿಹಾಕುತ್ತದೆ. ಮೂರನೆಯದು, ಖಾಲಿ ಜಾಗದಲ್ಲಿ ಮಾತ್ರ ಎಂಬುದು, ಅದನ್ನೇ ಆರಿಸಿ. ಅಂಗಡಿಯವನು ಕೊಡುವಾಗಲೇ ಡಿಸ್ಕಿನ ಅರ್ಧ ಖಾಲಿ ಬಿಟ್ಟಿದ್ದಾನೆ, ನಾನು ನೋಡಿದ್ದೇನೆ.

ಅಪ್ಪ ಲಕೋಟೆಗೆ ಕೈಚಾಚಿ ನಿಂತಿದ್ದಾರೆ. "ಹೊಸಾ ಸೊಸಿ ಗಂಡನ ಹೆಸರಿಗೆ ಪತ್ರ ಹಾಕೂದು ಚಂದಲ್ಲ" ಎಂದು ಮಾವನವರ ಹೆಸರನ್ನೇ ಬರೆಸಿದ್ದಾರೆ. ನೀವೇ ಮೊದಲು ತೆಗೆದುಕೊಳ್ಳಿ.

ನಿಮ್ಮ, ನಿಮ್ಮ, ನಿಮ್ಮ
ವೃಂದಾ


ಖೂಬಾ ಪ್ಲಾಟ್, ಕಲಬುರಗಿ
೧೨ ಜುಲೈ ೨೦೦೩, ಶನಿವಾರ

ಚಿ. ಸೌ. ವೃಂದಾಳಿಗೆ ಆಶೀರ್ವಾದಗಳು.

ನಿನಗೆ ನೌಕರಿಯಾದ ಸುದ್ದಿಯಿಂದ ಮನೆಯಲ್ಲಿ ಹಬ್ಬವಾಯಿತು. ನಿಮ್ಮತ್ತೆ ಕೇಸರಿಬಾತು ಮಾಡಿ ಓಣಿಗೆಲ್ಲ ಹಂಚಿದಳು. ಪಕ್ಕದ ಶಾರದಾಬಾಯಿಯವರು ಏಕಾದಶಿಗೆ ಪಂಢರಪುರಕ್ಕೆ ಹೋಗಿರುವುದರಿಂದ ಅವರ ಪಾಲು ಡಬ್ಬಿಯಲ್ಲಿದೆ.

ಪ್ರಲ್ಹಾದ ಊರಲ್ಲಿಲ್ಲ. ಹೈಸ್ಕೂಲು ಗಣಿತದ ಪೂರಕ ಪರೀಕ್ಷೆಯ ಪತ್ರಿಕೆ ತಿದ್ದಲು ಆತನನ್ನು ಇದ್ದಕ್ಕಿದ್ದಂತೆ ಬೀದರಿಗೆ ಕರೆದಿದ್ದಾರೆ, ಹತ್ತೊಂಬತ್ತಕ್ಕೆ ಬರುತ್ತಾನೆ. ಲಕೋಟೆಯ ಮೇಲೆ ನನ್ನ ಹೆಸರಿತ್ತು, ಆದ್ದರಿಂದ ಒಡೆದೆ. ಮೊದಲ ಪುಟವನ್ನು ಪೂರ್ತಿ ಓದಿದೆ. ಎರಡನೆಯದರ ಮೊದಲ ಸಾಲಿಗೇ ಅದು ಮತ್ತೊಬ್ಬರಿಗೆ ಬರೆದದ್ದೆಂದು ತಿಳಿಯಿತು. ಕೂಡಲೇ ಮಡಚಿ, ದಾರ ಕಟ್ಟಿ, ಪ್ರಲ್ಹಾದನ ದಿಂಬಿನ ಕೆಳಗೆ ಇಟ್ಟಿದ್ದೇನೆ. ಈ ವಿಷಯದಲ್ಲಿ ನೀನು ನಿಶ್ಚಿಂತಳಾಗಿರು.

ಆತ ಬರುವ ತನಕ ಕಾದರೆ ಸಿಡಿ ಹಿಂತಿರುಗಿಸುವ ದಿನ ದಾಟುತ್ತದೆ. ಆದ್ದರಿಂದ ಈ ಕೆಲಸ ನಾನೇ ಮಾಡುವವನಿದ್ದೇನೆ. ಮೂವತ್ತೊಂದು ವರ್ಷ ಸರ್ವೇ ಆಫೀಸಿನಲ್ಲಿ ಕೂದಲೆಳೆಯಷ್ಟು ತಪ್ಪದೆ ನಕಾಶೆ ಬರೆದವನು ನಾನು. ಬರೆದ ಸೂಚನೆಯನ್ನು ಬರೆದಂತೆಯೇ ಪಾಲಿಸುವುದು ನನಗೆ ರೂಢಿ. ನಿನ್ನ ಸೂಚನೆಗಳೂ ಬಹಳ ಸ್ಪಷ್ಟವಾಗಿವೆ. ಹಾಡುಗಳನ್ನು ಒಂಬತ್ತು ಫ್ಲಾಪಿಗಳಿಗೆ ಇಳಿಸಿದ್ದೇನೆ. ಉದಯದ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎಂದು ಒಂದೊಂದಕ್ಕೂ ಚೀಟಿ ಅಂಟಿಸಿದ್ದೇನೆ. ಫ್ಲಾಪಿಗಳು ಅಟ್ಟದ ಮೇಲಿನ ಹಳೆಯವು, ಒರೆಸಿ ಉಪಯೋಗಿಸಿದೆ.

ಸೋಮವಾರ ಬೆಳಗ್ಗೆ ರಾಹುಕಾಲ ಒಂಬತ್ತಕ್ಕೆ ಮುಗಿಯುತ್ತದೆ. ಒಂಬತ್ತೂ ಕಾಲಿಗೆ ಕೂರುತ್ತೇನೆ. ಅವ್ವನ ಹಾಡುಗಳಿಗೆ ನೆರೆಮನೆಯೊಂದು ಬರಲಿದೆ ಎಂದು ಸಂತೋಷವೇ ಆಗಿದೆ.

ಇತಿ ನಿನ್ನ ಹಿತೈಷಿ,
ತಿರುಮಲರಾವ್


ಕಮಲಾಪುರ
೧೪ ಜುಲೈ ೨೦೦೩, ಸೋಮವಾರ ಮಧ್ಯಾಹ್ನ ಮೂರು ಗಂಟೆ

ಮಾವ,

ದಯವಿಟ್ಟು ಎರಡನೇ ಪುಟ ಓದಿ! ದಿಂಬಿನ ಕೆಳಗಿಂದ ತೆಗೆದು, ದಾರ ಬಿಚ್ಚಿ, ಓದಿ! ಅದರಲ್ಲಿ ಏನೇನು ಬರೆದಿದ್ದರೂ ನನಗೆ ನಾಚಿಕೆಯಿಲ್ಲ, ನಾಚಿಕೆ ಆಮೇಲೆ ಪಡುತ್ತೇನೆ!

ನಿಮ್ಮ ಪತ್ರ ಈಗಷ್ಟೇ ಬಂತು. ನೀವು ಒಂಬತ್ತೂ ಕಾಲಿಗೆ ಕೂತಿರುತ್ತೀರಿ, ಈಗ ಮೂರು. ಏನೋ ಕಾರಣಕ್ಕೆ ಕೂರದೇ ಇದ್ದಿರಬಹುದು, ಯಾರಾದರೂ ಬಂದಿರಬಹುದು, ಕರೆಂಟು ಬೆಳಗ್ಗೆಯೇ ಹೋಗಿರಬಹುದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಎಲ್ಲಿ ಕೂರಿಸಲಿ ಎಂದು ಕೇಳಿದಾಗ ಮೊದಲ ಉತ್ತರಕ್ಕೆ ಒತ್ತಬೇಡಿ, ಅದು ಎಲ್ಲವನ್ನೂ ಅಳಿಸುತ್ತದೆ. ಮೂರನೆಯದನ್ನು ಆರಿಸಿ. ಮತ್ತು ಅದಕ್ಕೂ ಮೊದಲು ಫ್ಲಾಪಿಗಳನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ಈ ಎರಡೂ ಮಾತು ನೀವು ಮಡಚಿಟ್ಟ ಪುಟದಲ್ಲಿವೆ. ಪೆದ್ದಿ ನಾನು, ಅಂಗಿ ಮೀಸೆ ಎಲ್ಲ ಬರೆದ ಮೇಲೆ ಅವು ನೆನಪಾದವು.

ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಫೋನ್ ಬೇಡವೆಂದು ನೀವೇ ಹೇಳಿದ್ದಿರಿ, ಮಾತು ಅಗ್ಗವಾಗುತ್ತದೆ ಎಂದು. ಶಾರದಾಬಾಯಿಯವರ ಮನೆಯಲ್ಲಿ ಗಂಟೆ ಬಾರಿಸಿಯೇ ಬಾರಿಸಿತು, ಪಂಢರಪುರದಿಂದ ಅವರಿನ್ನೂ ಬಂದಿಲ್ಲ. ನಾನೇ ಓಡಿ ಬರುತ್ತೇನೆಂದರೆ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಾಳೆ. "ಆಷಾಢದಾಗ ಹೊಸ್ತಿಲಾ ತುಳದು ಅತ್ತಿಗೆ ಏನರೆ ಆದ್ರ?" ಅನ್ನುತ್ತಾಳೆ. ನಾಲ್ಕು ಗಂಟೆಯ ಬಸ್ಸಿನ ಕಂಡಕ್ಟರ್ ದೇವೀಂದ್ರಪ್ಪ ಮನೆ ಬಾಗಿಲಿಗೇ ಒಯ್ದು ಕೊಡುತ್ತೇನೆಂದಿದ್ದಾರೆ. ಅವರ ಕೈಯಲ್ಲೇ ಒಂದು ಗೊನೆ ಕೆಂಪು ಬಾಳೆಹಣ್ಣೂ ಇದೆ. ಹಣ್ಣಿನ ನೆಪದಲ್ಲಾದರೂ ಬೇಗ ಬಾಗಿಲು ತೆಗೆಯಿರಿ.

ಮಾವ, ಅಜ್ಜಿಯ ಹಾಡುಗಳು ಇವೆ ಅಲ್ಲವೇ? ಇವೆ ಎಂದು ಒಂದೇ ಸಾಲು ಬರೆಯಿರಿ.

ನಿಮ್ಮ ಸೊಸೆ,
ವೃಂದಾ


ಖೂಬಾ ಪ್ಲಾಟ್
೧೬ ಜುಲೈ, ಬುಧವಾರ

ವೃಂದಾ,

ನಾ ನಿಮ್ಮತ್ತಿ. ನನ್ನ ಅಕ್ಷರಾ ನೋಡಿ ನಗಬ್ಯಾಡ, ಮದುವ್ಯಾದ ಮ್ಯಾಲೆ ಪತ್ರ ಬರಿಲಿಕ್ಕತ್ತಿದ್ದು ಇದ ಮೊದಲು. "ಹುಡುಗಿಗೆ ತಿಳಿಸಬ್ಯಾಡ" ಅಂತ ನಿಮ್ಮ ಮಾವ ಹೇಳ್ಯಾರ. ಹಂಗಂದ ಮ್ಯಾಲೆ ತಿಳಿಸದ ಇರೂದು ನನ್ನ ಕಡಿಂದ ಆಗೂದಿಲ್ಲ.

ಸೋಮವಾರ ಸ್ನಾನಾ ಮಾಡಿ, ಕಂಪ್ಯೂಟರಿಗೆ ಊದಿನಕಡ್ಡಿ ಬೆಳಗಿ ಕೂತರು. ಅದು ಏನ್ ಕೇಳತದ ಅದಕ್ಕ ಒತ್ತಿದ್ರು. ಹನ್ನೆರಡಕ್ಕ ಪರದೆ ಮ್ಯಾಲೆ ಭಾರೀ ಚಂದಂದು ಏನೋ ಬಂತು. "ಬಾ ಮಥುರಾ, ನೋಡು, ಮುಗೀತು" ಅಂದ್ರು. ಆಮ್ಯಾಲೆ ಹಾಡು ಹುಡುಕಿದ್ರು. ಇಲ್ಲಿ ಹುಡುಕಿದ್ರು, ಅಲ್ಲಿ ಹುಡುಕಿದ್ರು. ಕಡೀಕೆ ನನ್ನ ಕಡೆ ತಿರುಗಿ, "ಅವ್ವನ ಹಾಡು ಇಲ್ಲಲ್ಲ" ಅಂದ್ರು. ಅವರವ್ವ ಹೋದ ದಿವಸನೂ ಆ ದನಿ ಕೇಳಿರಲಿಲ್ಲ ನಾ.

ಸಂಜೀ ಮುಂದ ನಿನ್ನ ಚೀಟಿ ಬಂತು, ಹಣ್ಣು ಬಂತು. ಚೀಟಿ ಓದಿದ್ರು. ಫ್ಲಾಪಿ ಎಲ್ಲಾ ಕೈಚೀಲದಾಗ ಹಾಕ್ಕೊಂಡು ಗಾಜಿಪುರಕ್ಕ ನಡಕೋತ ಹೋದ್ರು. ನಿನ್ನ ಗೆಳತಿ ಒಂದೊಂದಾ ಹಾಕಿ ನೋಡ್ಯಾಳ. ಏಳು ತೆರದಾವ. ಎರಡಕ್ಕ ಒಳಗ ಬೂಸರು ಹತ್ತಿತ್ತಂತ, ತೆರೀಲಿಲ್ಲ. ಒಂದು ಮದುವಿ ಉರುಟಣಿ ಹಾಡಿಂದು, ಒಂದು ಬೀಗರಿಗೆ ಬೈಯೂ ಹಾಡಿಂದು. ಐವತ್ತೇಳು ಹಾಡು ಹೋದಂಗ. 

ರಾತ್ರಿ ಉಣ್ಣಲಿಲ್ಲ. "ತಪ್ಪು ನಂದು. ಹುಡುಗಿ ಬರದಿದ್ಲು, ನಾನ ಓದ್ಲಿಲ್ಲ" ಅಂದ್ರು, ಅಷ್ಟ.

ನಿನ್ನೆ ಮುಂಜಾನೆ ನಾ ಅಕ್ಕಿ ಆರಸ್ಕೋತ ಕೂತಿದ್ದೆ. ಬೀಗಿತ್ತಿ ಮೂಗುತಿ ಹಾಡು ತಾನ ಬಾಯಿಗೆ ಬಂತು, ಹಾಡಿದೆ. ತಿರುಗಿ ನೋಡತೇನಿ, ಬಾಗಲಾಗ ಪೆನ್ನು ಹಿಡಕೊಂಡು ನಿಂತಾರ.

"ಇದು ನಿನಗ ಬರ್ತದ?"

"ಇಪ್ಪತ್ತೆಂಟು ವರ್ಷ ನಿಮ್ಮವ್ವನ ಬಾಜೂಕ ಕೂತು ಹಾಡೀನಿ. ಬರದ ಇರ್ತದೇನು?"

"ಮತ್ತ ಹೇಳ್ಲಿಲ್ಲಲ್ಲ?"

"ನೀವು ಕೇಳ್ಲಿಲ್ಲಲ್ಲ."

ಆಮ್ಯಾಲೆ ವಹಿ ತಂದ್ರು. ನಿನ್ನೆಯಿಂದ ನಾ ಹಾಡ್ಲಿಕ್ಕತ್ತೀನಿ, ಅವರು ಬರೀಲಿಕ್ಕತ್ತ್ಯಾರ. ಐವತ್ತೇಳರಾಗ ಐವತ್ತನಾಲ್ಕು ಸಿಕ್ಕಾವ. ಮ್ಯಾಲೆ ಹತ್ತೊಂಬತ್ತು ಅವರು ಕೇಳೇ ಇಲ್ಲದ್ದು. ಗಂಡಸರು ಊಟಕ್ಕ ಎದ್ದು ಹೋದ ಮ್ಯಾಲೆ ನಾವು ಹಾಡೂವು ಅವು, ಅವರಿಗೆ ಹ್ಯಾಂಗ ಗೊತ್ತಿರಬೇಕು? ವರನ ಅಪ್ಪನ ಮ್ಯಾಲಿನ ಹಾಡು ಹೇಳಿದಾಗ ಕಿವಿ ಕೆಂಪಾತು, ಆದ್ರೂ ಬರಕೊಂಡ್ರು. ಮೂರು ಮಾತ್ರ ನನಗೂ ನೆನಪಿಲ್ಲ, ಆರಂಭದ ಸಾಲು ಕೆಳಗ ಬರದೀನಿ. ನಿಮ್ಮಮ್ಮಗ ಬರ್ತಾವೇನು ಕೇಳು.

ಈ ಕಂಪ್ಯೂಟರ್ ಇನ್ನ ಮುಟ್ಟಬ್ಯಾಡ್ರಿ ಅಂತ ನಾ ಅಂದೆ. ನಿಮ್ಮ ಮಾವ ಕೇಳಲಿಲ್ಲ. "ಹುಡುಗಿ ಕಾಲೇಜಿನಾಗ ಇದೆ ಅಂದಾಳ, ಇಲ್ಲ ಅನ್ನೂಹಂಗ ಆಗಬಾರದು" ಅಂದ್ರು. ಅವರ ಟೈಪಿಂಗಿಗೆ ಹಳೇದೂ ಬೇಕು. ಶನಿವಾರ ನಿನ್ನ ಗೆಳತಿ ಬಂದು ಹಳೇದು ಹಾಕಿ ಅರ್ಧ ಖಾಲಿ ಬಿಟ್ಟು ಹೋಗತಾಳ, ಸಿಡಿ ಇನ್ನ ಒಂದು ವಾರ ಇರ್ಲಿ ಅಂದಾಳ. ನಿಂದು ಆಮ್ಯಾಲೆ ನಾವ ಹಾಕತೇವಿ. ಮತ್ತೊಮ್ಮೆ ಬರದು ಕಳಸು. ಎಲ್ಲಾ ಒಂದ ಹಾಳ್ಯಾಗ.

ಹಾಂ, ಆ ಎರಡನೇ ಹಾಳಿ ನಾ ಓದೀನಿ. ಸೋಮವಾರ ಸಂಜೀಕೆ, ನಿನ್ನ ಚೀಟಿ ಬಂದ ಮ್ಯಾಲೆ. ಮೊದಲ ನನ್ನ ಕೈಯಾಗ ಕೊಟ್ಟಿದ್ರ ಪೂರ್ತಿ ಓದತಿದ್ದೆ, ಇದು ಯಾವದೂ ಆಗತಿರಲಿಲ್ಲ. ಬೆಲ್ಲದ ವಿಷಯ ನೀ ಬಂದ ಮ್ಯಾಲೆ ಮಾತಾಡೂಣು.

ನಿನ್ನ ಅತ್ತಿ,
ಮಥುರಾಬಾಯಿ


ಕಮಲಾಪುರ
೧೮ ಜುಲೈ ೨೦೦೩, ಶುಕ್ರವಾರ

ಅತ್ತೆ, ಮಾವ,

ಅತ್ತೆ, ನಿಮ್ಮ ಪತ್ರವನ್ನು ಮೊದಲ ಸಲ ಅಳುತ್ತ ಓದಿದೆ, ಎರಡನೇ ಸಲ ನಗುತ್ತ ಓದಿದೆ, ಮೂರನೇ ಸಲ ಅಮ್ಮ ಕಸಿದುಕೊಂಡು ಓದಿದಳು. ಬೆಲ್ಲದ ಭಾಗ ಓದಿ ನನ್ನ ತಲೆಗೆ ಮೊಟಕಿದಳು. ಅತ್ತೆ, ಹುಳಿ ಬಹಳ ಚೆನ್ನಾಗಿರುತ್ತದೆ. ಬಹಳವೇ ಚೆನ್ನಾಗಿರುತ್ತದೆ.

ಮಾವ, ತಪ್ಪು ನಿಮ್ಮದಲ್ಲ. ಅಪಾಯದ ಮಾತನ್ನು ಅಂಗಿಯ ಕೆಳಗೆ ಬಚ್ಚಿಟ್ಟವಳು ನಾನು. ಮಕ್ಕಳಿಗೆ ಕಲಿಸಲು ಹೊರಟವಳು ಇಷ್ಟೂ ಅರಿಯದೆ ಹೋದೆನಲ್ಲ ಎಂದು ಎರಡು ದಿನ ನನ್ನನ್ನು ನಾನೇ ಬೈದುಕೊಂಡೆ. ಕೆಲಸ ಬೇಡವೆಂದು ಬರೆಯಲೂ ಕೂತಿದ್ದೆ. ಅಪ್ಪ ಲಕೋಟೆ ಕೊಡಲಿಲ್ಲ. "ನಿಮ್ಮ ಮಾವ ಎರಡನೇ ಸಲ ಕೂಡ್ತೀನಂದಾರ, ನೀ ಮೊದಲನೇ ಸಲಕ್ಕ ಏಳ್ತಿಯೇನು?" ಎಂದು ಕೇಳಿದರು.

ಈಗ ಗಂಭೀರವಾಗಿ ಬರೆಯುತ್ತೇನೆ. ಈ ಹಾಳೆಯಲ್ಲಿ ಇನ್ನು ಕಂಪ್ಯೂಟರ್ ಬಿಟ್ಟು ಬೇರೇನೂ ಇಲ್ಲ.

ಮೆಹರುನ್ನಿಸಾ ವಿಂಡೋಸ್ ಹಾಕಿ ಹೋದ ಮೇಲೆ ಹಾಡುಗಳನ್ನು ಇನ್ನೂ ಅದಕ್ಕೆ ಹಾಕಬೇಡಿ. ಏಳು ಫ್ಲಾಪಿಗಳನ್ನು ಆಕೆ ಸಿಡಿಗೆ ಇಳಿಸಿ ಕೊಡುತ್ತಾಳೆ. ಒಂದು ಸಿಡಿ ಮನೆಯಲ್ಲಿರಲಿ, ಇನ್ನೊಂದು ಅವಳ ಕಪಾಟಿನಲ್ಲಿರಲಿ. ಒಂದೇ ಸೂರಿನ ಕೆಳಗೆ ಎರಡು ಪ್ರತಿ ಇಟ್ಟರೆ ಅದು ಒಂದೇ ಪ್ರತಿ ಇದ್ದ ಹಾಗೆ. ಎರಡನ್ನೂ ತೆರೆದು, ಮೊದಲ ಹಾಡು, ನಡುವಿನದೊಂದು, ಕೊನೆಯದು ಓದಿ ನೋಡಿ. ಅತ್ತೆಯವರ ಹಾಡುಗಳ ವಹಿ ಕಂಪ್ಯೂಟರಿನ ಹತ್ತಿರವೂ ಬರುವುದು ಬೇಡ.

ಬೆಳಗ್ಗೆ ಕೂರಿ. ಲಿನಕ್ಸಿನ ಮೊದಲ ಸಿಡಿ ಹಾಕಿ ಚಾಲೂ ಮಾಡಿ. ಎಲ್ಲಿ ಕೂರಿಸಲಿ ಎಂದು ಕೇಳಿದಾಗ ಕೈಯನ್ನು ಕೀಬೋರ್ಡಿನಿಂದ ತೆಗೆದು ಮೂರೂ ಉತ್ತರ ಗಟ್ಟಿಯಾಗಿ ಓದಿ. ಖಾಲಿ ಜಾಗದಲ್ಲಿ ಮಾತ್ರ ಎಂಬ ಮೂರನೆಯದನ್ನು ಆರಿಸಿ. ಮುಂದಿನ ಪರದೆಯಲ್ಲಿ ಡಿಸ್ಕಿನ ಚಿತ್ರ ಬರುತ್ತದೆ, ಮಾವ, ನಿಮ್ಮ ನಕಾಶೆಯ ಹಾಗೆಯೇ. ಅದರಲ್ಲಿ ವಿಂಡೋಸಿನ ಅರ್ಧ ಹಾಗೇ ಇದೆಯೇ ನೋಡಿ. ಇಲ್ಲದಿದ್ದರೆ ಹಿಂದಕ್ಕೆ ಹೋಗುವ ಗುಂಡಿ ಒತ್ತಿ, ಆ ಕ್ಷಣದವರೆಗೂ ಏನೂ ಅಳಿಸಿರುವುದಿಲ್ಲ. ಕೊನೆಗೆ, ತುರ್ತಿಗೆ ಒಂದು ಫ್ಲಾಪಿ ಮಾಡಲೇ ಎಂದು ಕೇಳುತ್ತದೆ, ಹೂಂ ಅನ್ನಿ, ಹೊಸ ಫ್ಲಾಪಿ ಹಾಕಿ. ಮೊದಲು ಯಾವುದು ತೆರೆಯಬೇಕು ಎಂದು ಕೇಳಿದರೆ ವಿಂಡೋಸ್ ಎಂದೇ ಹೇಳಿ. ಹತ್ತು ಸೆಕೆಂಡು ಯಾರೂ ಏನೂ ಒತ್ತದಿದ್ದರೆ ನಿಮ್ಮದೇ ತೆರೆದುಕೊಳ್ಳಲಿ. ನನ್ನದು ಬೇಕಾದಾಗ ನಾನು ಒತ್ತಿಕೊಳ್ಳುತ್ತೇನೆ.

ಆ ಮೂರು ಹಾಡು ಅಮ್ಮನಿಗೂ ಬರುವುದಿಲ್ಲ. ಕಾಲೇಜಿನವರು ಇಪ್ಪತ್ನಾಲ್ಕರಿಂದ ಸೊಲ್ಲಾಪುರದಲ್ಲಿ ಐದು ದಿನ ತರಬೇತಿಗೆ ಕಳಿಸುತ್ತಿದ್ದಾರೆ, ಸೋದರಮಾವನ ಮನೆಯಲ್ಲಿರುತ್ತೇನೆ. ಅಲ್ಲಿ ಕೇಳುತ್ತೇನೆ.

(ನೋಡಿ, ಬೇರೇನೂ ಬರೆಯುವುದಿಲ್ಲ ಎಂದವಳು ಬರೆದುಬಿಟ್ಟೆ.)

ತಪ್ಪೊಪ್ಪಿಕೊಂಡ ಸೊಸೆ,
ವೃಂದಾ


ಖೂಬಾ ಪ್ಲಾಟ್, ಕಲಬುರಗಿ
೨೧ ಜುಲೈ ೨೦೦೩, ಸೋಮವಾರ

ಪ್ರಿಯ ವೃಂದಾ,

ಶನಿವಾರ ಬೀದರಿನಿಂದ ಬಂದು ನೋಡಿದರೆ ನನ್ನ ಮನೆಯೇ ಬದಲಾಗಿದೆ. ಅಪ್ಪ ಅಡುಗೆಮನೆಯ ಹೊಸ್ತಿಲಲ್ಲಿ ವಹಿ ಹಿಡಿದು ಕೂತಿದ್ದಾರೆ, ಅಮ್ಮ ಒಗ್ಗರಣೆ ಹಾಕುತ್ತ ಹಾಡುತ್ತಿದ್ದಾಳೆ. ನನ್ನನ್ನು ಕಂಡು ಇಬ್ಬರೂ "ಸ್ವಲ್ಪ ತಡೀ" ಎಂದರು. ಊರಿಂದ ಬಂದವನಿಗೆ ನೀರು ಕೊಡುವವರಿಲ್ಲ.

ನಿನ್ನ ಪತ್ರ ಅದೇ ಸಂಜೆ ಬಂತು. ನಿನ್ನೆ ಭಾನುವಾರ ಕೆಲಸ ನಡೆಯಿತು. ನಾನು ಮಾಡುತ್ತೇನೆಂದರೆ ಅಪ್ಪ ಬಿಡಲಿಲ್ಲ, ಓದುತ್ತೇನೆಂದರೆ ಅಮ್ಮ ಬಿಡಲಿಲ್ಲ.

"ನಾ ಓದತೇನಿ, ನೀವು ಒತ್ತರಿ" ಎಂದು ಅಮ್ಮ ಕನ್ನಡಕ ಹಾಕಿಕೊಂಡು ಕುರ್ಚಿ ಎಳೆದು ಕೂತಳು. ಪುರಾಣ ಓದುವ ದನಿಯಲ್ಲಿ ಮೊದಲಿನಿಂದ ಓದಿದಳು, "ಹುಳಿ ಬಹಳ ಚೆನ್ನಾಗಿರುತ್ತದೆ" ಸಮೇತ. ಅದನ್ನು ಎರಡು ಸಲ ಓದಿದಳು.

"ಮಥುರಾ, ಅದು ಕಂಪ್ಯೂಟರಿನ ಭಾಗ ಅಲ್ಲ."

"ನೀವು ಬಿಟ್ಟು ಬಿಟ್ಟು ಓದಿ ಏನಾತು ನೋಡಿದ್ರಿಲ್ಲ? ಸುಮ್ಮ ಕೂಡ್ರಿ."

ಎಲ್ಲಿ ಕೂರಿಸಲಿ ಎಂಬ ಪರದೆ ಬಂದಾಗ ಅಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮೂರೂ ಉತ್ತರಗಳನ್ನು ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದೆ. ಅಪ್ಪ ಮೂರನೆಯದರ ಮೇಲೆ ಬಂದು ನಿಂತರು. ಒತ್ತಲಿಲ್ಲ.

"ಒತ್ತರಿ" ಎಂದಳು ಅಮ್ಮ. "ಹೋದ್ರ ಮತ್ತ ಹಾಡತೇನಿ."

ಅಪ್ಪ ಅವಳ ಮುಖ ನೋಡಿದರು, ಒತ್ತಿದರು.

ನಕಾಶೆಯ ಪರದೆಯನ್ನು ಹತ್ತು ನಿಮಿಷ ಪರೀಕ್ಷೆ ಮಾಡಿದರು. "ಗಡಿ ಸರಿಯಾಗಿದೆ" ಎಂದು ಸರ್ವೇ ಆಫೀಸಿನ ದನಿಯಲ್ಲಿ ಹೇಳಿ ಮುಂದಕ್ಕೆ ಹೋದರು. ಹನ್ನೊಂದೂವರೆಗೆ ಕಂಪ್ಯೂಟರ್ ಮತ್ತೆ ಚಾಲೂ ಆಯಿತು. ಕಪ್ಪು ಪರದೆಯ ಮೇಲೆ ಎರಡು ಹೆಸರು, ಒಂದರ ಕೆಳಗೊಂದು. ಸೆಕೆಂಡುಗಳು ಹತ್ತರಿಂದ ಇಳಿಯತೊಡಗಿದವು. ಸೊನ್ನೆಗೆ ವಿಂಡೋಸ್ ತೆರೆಯಿತು. ಮತ್ತೆ ಬಂದ್ ಮಾಡಿ, ಚಾಲೂ ಮಾಡಿ ನಿನ್ನದನ್ನು ಆರಿಸಿದೆವು. ಅದೂ ತೆರೆಯಿತು. ಅಪ್ಪ ಮಧ್ಯಾಹ್ನದೊಳಗೆ ಇದನ್ನು ಏಳು ಸಲ ಮಾಡಿದರು. ಊಟಕ್ಕೆ ಕರೆದರೆ, "ಹತ್ತು ಸೆಕೆಂಡು" ಅನ್ನುತ್ತಾರೆ.

ಆಮೇಲೆ ಸಿಡಿಯಿಂದ ಅಜ್ಜಿಯ ಮುನ್ನೂರ ಐವತ್ತೈದು ಹಾಡುಗಳು ಒಳಗೆ ಬಂದವು. ಅದರ ಪಕ್ಕದಲ್ಲಿ ಅಪ್ಪ ಹೊಸದೊಂದು ಫೋಲ್ಡರ್ ಮಾಡಿದರು. ಹೆಸರು ಏನಿಟ್ಟಿದ್ದಾರೆಂದು ಅಮ್ಮನಿಗೆ ತೋರಿಸಲಿಲ್ಲ. ನಾನು ನೋಡಿದೆ. 'ಮಥುರಾ ಹಾಡಿದ್ದು' ಎಂದಿದೆ.

ದಿಂಬಿನ ಕೆಳಗೆ ಪುಟ ಸಿಕ್ಕಿತು. ದಾರದ ಗಂಟು ಅಪ್ಪ ಹಾಕಿದ್ದಲ್ಲ, ಅಮ್ಮ ಬಿಚ್ಚಿ ಮತ್ತೆ ಹಾಕಿದ್ದು. ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ, ನೀಲಿ ಅಂಗಿಯನ್ನು ಬಂದ ದಿನದಿಂದ ಮಾಳಿಗೆಯ ಮೇಲೆಯೇ ಹಾಕಿದ್ದೇನೆ. "ಒಗದಿದ್ದ ಅಂಗಿ ಎಷ್ಟು ದಿವಸ ಒಣಗಸ್ತೀಯೋ?" ಎಂದು ಅಮ್ಮ ಕೇಳಿದಳು. ಯಾವ ಆಟೋ ಯಾವಾಗ ಓಣಿಗೆ ತಿರುಗುತ್ತದೋ ಹೇಳಲಾಗುವುದಿಲ್ಲವಲ್ಲ.

ನಿನ್ನ,
ಪ್ರಲ್ಹಾದ


ಸೊಲ್ಲಾಪುರ
೨೬ ಜುಲೈ ೨೦೦೩, ಶನಿವಾರ

ಅತ್ತೆ, ಮಾವ, ರೀ,

ಲಕೋಟೆಯ ಮೇಲೆ ಈ ಸಲ ಮೂವರ ಹೆಸರನ್ನೂ ಬರೆದಿದ್ದೇನೆ, ಅತ್ತೆಯವರದು ಮೊದಲು. ಯಾರು ಒಡೆದರೂ ಪೂರ್ತಿ ಓದಬೇಕು.

ತರಬೇತಿಯ ಎರಡನೇ ದಿನ ನಮ್ಮ ಮೇಷ್ಟ್ರು ಕೇಳಿದರು, ಒಂದೇ ಕಂಪ್ಯೂಟರಿನಲ್ಲಿ ಎರಡು ವ್ಯವಸ್ಥೆ ಕೂರಿಸುವಾಗ ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಏನು ಎಂದು. ಎಲ್ಲರೂ ನಕಲು, ನಕಲು ಎಂದರು. ನಾನು ಎದ್ದು ನಿಂತು, ನಕಲನ್ನು ಬೇರೆ ಕಡೆ ತೆರೆದು ನೋಡುವುದು ಸರ್, ಮತ್ತು ಸೂಚನೆಯನ್ನು ಕೊನೆಯ ಸಾಲಿನವರೆಗೆ ಓದುವುದು ಎಂದೆ. ಎಲ್ಲಿ ಕಲಿತಿರಿ ಎಂದರು. ಮನೆಯಲ್ಲಿ ಎಂದೆ. ಮನೆಯಲ್ಲಿ ಲಿನಕ್ಸ್ ಇದೆಯೇ ಎಂದರು. "ಇದೆ ಸರ್!" ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಪಕ್ಕದ ಕೋಣೆಯವರು ಇಣುಕಿ ನೋಡಿದರು.

ಅತ್ತೆ, ಮೂರರಲ್ಲಿ ಒಂದು ಸಿಕ್ಕಿತು! ಇಲ್ಲಿ ಸೋದರಮಾವನ ಅತ್ತೆ ಸಕ್ಕೂಬಾಯಿ ಇದ್ದಾರೆ, ಎಂಬತ್ತೊಂದು ವರ್ಷ. ನೀವು ಬರೆದ ಆರಂಭದ ಸಾಲು ಓದಿದೆನೋ ಇಲ್ಲವೋ, ಹಲ್ಲಿಲ್ಲದ ಬಾಯಿಂದ ಪೂರ್ತಿ ಹಾಡಿ ಮುಗಿಸಿದರು. ನಡುವೆ ಎರಡು ನುಡಿ ಮರಾಠಿಯಲ್ಲಿವೆ. "ಬೀಗರು ಮರಾಠಿ ಮಂದಿ, ಬೈದದ್ದು ಅವರಿಗೆ ತಿಳೀಬೇಕಲ್ಲ?" ಎಂದರು. ಬರೆದುಕೊಂಡಿದ್ದೇನೆ. ಎರಡು ಪ್ರತಿ ಮಾಡಿದ್ದೇನೆ, ಒಂದು ನನ್ನ ಪೆಟ್ಟಿಗೆಯಲ್ಲಿ, ಒಂದು ಸಕ್ಕೂಬಾಯಿಯವರ ತಲೆದಿಂಬಿನ ಕೆಳಗೆ. ಉಳಿದ ಎರಡು ಯಾರ ಬಾಯಲ್ಲಿವೆಯೋ, ಹುಡುಕೋಣ. ಮಾವ, ನಮ್ಮ ಓಣಿಯ ಅಜ್ಜಿಯರನ್ನು ಯಾರಾದರೂ ಕೇಳಿದ್ದಾರೆಯೇ?

ಬಂದ ದಿನ ಸಂಜೆಯೇ ನಾನು ಟೈಪಿಗೆ ಕೂರುತ್ತೇನೆ, ಅತ್ತೆ ಹಾಡಲಿ. ಕಾಲೇಜಿನ ಅಭ್ಯಾಸ ಆಮೇಲೆ. ಅಷ್ಟರೊಳಗೆ ಹುಳಿಗೆ ಎಷ್ಟು ಬೆಲ್ಲ ಎಂಬುದನ್ನೂ ತೀರ್ಮಾನ ಮಾಡಬಹುದು. ಪಂಚಮಿಗೆ ಅಮ್ಮ ಕರೆಯುತ್ತಾಳೆ, ಅದಕ್ಕೆ ಒಂದು ದಿನ ಬಸ್ಸಿನಲ್ಲಿ ಹೋಗಿ ಬಂದರಾಯಿತು.

ಎಲ್ಲರಿಗೂ, ಎಲ್ಲರ,
ವೃಂದಾ

ತಾ.ಕ.: ರೀ, ಹುಡುಕಬೇಡಿ, ಈ ಪತ್ರಕ್ಕೆ ಎರಡನೇ ಪುಟವಿಲ್ಲ. ಅದನ್ನು ನಾನೇ ಹೊತ್ತು ತರುತ್ತಿದ್ದೇನೆ. ನೀಲಿ ಅಂಗಿ ಹಾಕಿಕೊಂಡು ಸ್ಟೇಷನ್ನಿಗೆ ಬನ್ನಿ. ಜುಲೈ ಮೂವತ್ತು, ಬುಧವಾರ, ಶ್ರಾವಣದ ಮೊದಲ ದಿನ, ಸಂಜೆಯ ಉದ್ಯಾನ್ ಎಕ್ಸ್‌ಪ್ರೆಸ್.